ನಿನ್ನ ಹೆಲ್ಮೆಟ್‌ಗೆ ಎರಡು ತೂತು

ಪುಟ್ಟಿ,

ಈ ಕಾಗದವನ್ನು ಹೆಲ್ಮೆಟ್ ಒಳಗೇ ತುರುಕಿದ್ದೇನೆ. ಇದು ಕೈಗೆ ಸಿಗುವಷ್ಟರಲ್ಲಿ ಅದರ ಹಿಂಭಾಗ ನಿನ್ನ ಕಣ್ಣಿಗೆ ಬಿದ್ದಿರುತ್ತದೆ, ನನಗೆ ಒಂದು ಸುತ್ತು ಬೈಗುಳವೂ ಆಗಿರುತ್ತದೆ. ಹೌದು, ನಾನೇ. ನೀನು ಬಾಗಿಲು ಬಡಿದುಕೊಂಡು ಮಲಗಿದ ಮೇಲೆ ಕೊರೆದೆ. ಅಭಿಮಾನಿಗಳು ಮೆಚ್ಚಿನ ಪಾತ್ರಗಳ ವೇಷ ತೊಟ್ಟು ಸೇರುವ ಕಾನ್‌ಗೆಂದು (ಸಮ್ಮೇಳನಕ್ಕೆಂದು), ಫೋಮಿನ ಆರ್ಮರ್ ಜೊತೆಗೆ ಏಳು ವಾರ ಕೂತು ಮಾಡಿದ ವಸ್ತುವಿಗೆ ನಿನ್ನನ್ನು ಒಂದು ಮಾತೂ ಕೇಳದೆ ಕೈ ಹಾಕಿದ್ದು ತಪ್ಪು. ಕ್ಷಮಿಸು. ಇನ್ನೊಮ್ಮೆ ಅವಕಾಶ ಸಿಕ್ಕರೂ ಕೊರೆಯುತ್ತೇನೆ, ಅದನ್ನೂ ಹೇಳಿಬಿಡುತ್ತೇನೆ.

ರಾತ್ರಿ ಆಡಿದ ಮಾತುಗಳನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಇಬ್ಬರಿಗೂ ನೆನಪಿದೆ.

ತೂತು ಎಲ್ಲಿದೆ, ಎಷ್ಟಿದೆ ಎಂಬುದು ಮೊದಲು. ಎರಡೂ 38 ಮಿಲಿಮೀಟರ್. ಒಂದು ತಲೆಯ ಹಿಂದೆ, ನೀನು ಕೂರಿಸಿದ ರೆಕ್ಕೆಯ ನೆರಳಲ್ಲಿ. ಇನ್ನೊಂದು ಗಲ್ಲದ ಕೆಳಗೆ, ಎಡಕ್ಕೆ. ಎದುರಿನಿಂದ ಫೋಟೊ ತೆಗೆದರೆ ಎರಡೂ ಕಾಣುವುದಿಲ್ಲ, ನಾಲ್ಕು ಕಡೆಯಿಂದ ಟಾರ್ಚ್ ಹಿಡಿದು ನೋಡಿದ್ದೇನೆ. ಒಳಗೆ 40 ಮಿ.ಮೀ. ಅಳತೆಯ, 5 ವೋಲ್ಟ್‌ನ ಎರಡು ಫ್ಯಾನ್ ಇವೆ. ಗಲ್ಲದ್ದು ಗಾಳಿಯನ್ನು ಒಳಗೆಳೆಯುತ್ತದೆ, ಹಿಂದಿನದು ಹೊರಹಾಕುತ್ತದೆ. ಮುಖದ ಮುಂದೆ ಒಂದು ಸಣ್ಣ ಫ್ಯಾನ್ ಅಂಟಿಸಿದರೆ ಸಾಕು ಎಂದು ನೀನು ವಾದಿಸಿದೆಯಲ್ಲ, ಸಾಲದು. ಹೊರಹೋಗಲು ದಾರಿಯಿಲ್ಲದ ಗಾಳಿಯನ್ನು ಅದು ಅಲ್ಲಲ್ಲೇ ತಿರುಗಿಸುತ್ತಿರುತ್ತದೆ, ಅಷ್ಟೇ. ವೈಸರ್‌ಗೆ ಮಬ್ಬು ಕಟ್ಟುವುದೂ ಅದಕ್ಕೇ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಒಳಮೈಗೆ ಸವರಿ, ಒಣಬಟ್ಟೆಯಿಂದ ಗೆರೆ ಉಳಿಯದ ಹಾಗೆ ಉಜ್ಜಿದರೆ ಸ್ವಲ್ಪ ಹೊತ್ತು ತಡೆಯುತ್ತದೆ. ಆದರೆ ಉಸಿರಿನ ತೇವ ಹೊರಗೆ ಹೋಗದಿದ್ದರೆ ಯಾವ ಲಿಕ್ವಿಡ್ಡೂ ಕೊನೆತನಕ ಕಾಯುವುದಿಲ್ಲ.

ಕೊರೆದ ಅಂಚನ್ನು ಹಾಗೇ ಬಿಟ್ಟಿಲ್ಲ. ಕತ್ತರಿಸಿದ ಕಡೆ ಫೋಮ್‌ನ ಗುಳ್ಳೆಗಳು ಬಾಯ್ಬಿಟ್ಟಿರುತ್ತವೆ, ಪ್ರೈಮರ್ ಎಲ್ಲ ಕುಡಿದುಬಿಡುತ್ತವೆ. ಹೀಟ್ ಗನ್ ಹಿಡಿದು, ಮೇಲ್ಮೈ ಸಣ್ಣಗೆ ಹೊಳಪು ಬರುವವರೆಗೆ ಕಾಯಿಸಿ, ರಬ್ಬರ್ ಪ್ರೈಮರ್ ಮೂರು ಕೋಟ್ ಹೊಡೆದು, ಒಳಗಿನಿಂದ ಕಪ್ಪು ಜಾಲರಿ ಬಟ್ಟೆ ಅಂಟಿಸಿದ್ದೇನೆ. ಬೆಳಗಿನ ಜಾವ ನಾಲ್ಕಾಯಿತು.

ಪವರ್ ಬ್ಯಾಂಕನ್ನು ನಿನ್ನ ಕೈಚೀಲಕ್ಕೇ ಹಾಕಿದ್ದೆ. ಅದನ್ನು ವಿಮಾನದಲ್ಲಿ ಲಗೇಜಿಗೆ ಕೊಡುವಂತಿಲ್ಲ, ವಾಪಸು ಬರುವಾಗ ಮರೆಯಬೇಡ. 10,000 ಎಂಎಎಚ್ ಎಂದರೆ 37 ವಾಟ್-ಅವರ್, 100ರ ಮಿತಿಯೊಳಗೇ ಇದೆ. ಎರಡೂ ಫ್ಯಾನ್ ಸೇರಿ ಸುಮಾರು 0.3 ಆಂಪಿಯರ್ ಎಳೆಯುತ್ತವೆ. ನಷ್ಟ ಕಳೆದರೂ ಒಂದು ಇಡೀ ದಿನಕ್ಕೆ ಧಾರಾಳವಾಯಿತು. ಒಂದನ್ನು ಮಾತ್ರ ಓಡಿಸಿ ಬ್ಯಾಟರಿ ಉಳಿಸುವ ಜಾಣತನ ಮಾಡಬೇಡ. ತೀರಾ ಕಡಿಮೆ ಕರೆಂಟ್ ಎಳೆದರೆ ಎಷ್ಟೋ ಪವರ್ ಬ್ಯಾಂಕ್‌ಗಳು ಫೋನ್ ಚಾರ್ಜ್ ಆಗಿ ಮುಗಿಯಿತು ಅಂದುಕೊಂಡು ತಾವಾಗಿ ಆಫ್ ಆಗುತ್ತವೆ. ಗದ್ದಲದಲ್ಲಿ ಫ್ಯಾನ್ ನಿಂತದ್ದು ನಿನಗೆ ಕೇಳಿಸುವುದಿಲ್ಲ. ತಲೆ ಭಾರವಾದ ಮೇಲೆ ಗೊತ್ತಾಗುತ್ತದೆ.

ಅಲ್ಲಿಗೇ ಬರುತ್ತಿದ್ದೆ. ಬಿಸಿಯ ವಿಷಯ.

ನೀನು ಬಳಸಿದ ಇವಿಎ ಫೋಮ್, ಅದೇ ಚಪ್ಪಲಿ ಅಟ್ಟೆಗೆ ಹಾಕುವ ಮೆತ್ತನೆಯ ಪ್ಲಾಸ್ಟಿಕ್, ಒಳ್ಳೆಯದು, ಹಗುರ, ಬ್ಲೇಡಿಗೆ ಬಗ್ಗುತ್ತದೆ, ಕಾಯಿಸಿದರೆ ಹೇಳಿದ ಆಕಾರಕ್ಕೆ ಬರುತ್ತದೆ. ಆದರೆ ಅದರ ಗುಳ್ಳೆಗಳೆಲ್ಲ ಮುಚ್ಚಿದ ಗುಳ್ಳೆಗಳು, ಅವುಗಳ ಮೂಲಕ ಗಾಳಿಯೂ ದಾಟದು, ತೇವವೂ ದಾಟದು. ಎದೆಗೆ, ಬೆನ್ನಿಗೆ, ತೊಡೆಗೆ ನೀನು ಹಾಕಿರುವುದು 10 ಮಿ.ಮೀ. ದಪ್ಪದ್ದು. ಬೆವರು ಸುರಿದ ಮಾತ್ರಕ್ಕೆ ಮೈ ತಣ್ಣಗಾಗುವುದಿಲ್ಲ, ಆವಿಯಾದರೆ ಮಾತ್ರ ಆಗುತ್ತದೆ. ಫೋಮ್ ಒಳಗೆ ಐದು ನಿಮಿಷದಲ್ಲಿ ಗಾಳಿ ತೇವದಿಂದ ತುಂಬಿಹೋಗುತ್ತದೆ. ಆಮೇಲೆ ಬೆವರು ಸುಮ್ಮನೆ ಹರಿಯುತ್ತದೆ. ನೀರು ಕಳೆದುಕೊಳ್ಳುವುದೊಂದೇ ಲಾಭ. ಹಾಲ್ ಎಸಿ ಇದೆಯಲ್ಲಾ ಎನ್ನುತ್ತೀಯ. ಸಾವಿರಾರು ಜನ ಒಂದೇ ಸೂರಿನಡಿ ಉಸಿರಾಡುವಾಗ ಎಸಿ ಏನು ಮಾಡೀತು? ಅದಕ್ಕಿಂತ ಮುಂಚೆ ಹೊರಗೆ ಬಿಸಿಲಲ್ಲಿ ಸಾಲು ನಿಲ್ಲಬೇಕು. ಸಾಲಿನಲ್ಲಿ ಹೆಲ್ಮೆಟ್ ಕೈಯಲ್ಲಿರಲಿ, ತಲೆಯ ಮೇಲೆ ಬೇಡ.

ನನ್ನ ಲೆಕ್ಕ ಹೇಳುತ್ತೇನೆ. ಮುಕ್ಕಾಲು ಗಂಟೆ ಹೆಲ್ಮೆಟ್, ಕಾಲು ಗಂಟೆ ಬರಿದಲೆ. ಎರಡು ಗಂಟೆಗೊಮ್ಮೆ ಎದೆಯ ಭಾಗವನ್ನೂ ಬಿಚ್ಚಿ ಕೂರಬೇಕು. ಬಾಯಾರಿಕೆ ಆಗುವ ಮುಂಚೆಯೇ ನೀರು, ಮಧ್ಯೆ ಒಂದು ಪೊಟ್ಟಣ ಓಆರ್‌ಎಸ್, ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ. ಉದ್ದನೆಯ ಸ್ಟ್ರಾ ಎರಡು ಇಟ್ಟಿದ್ದೇನೆ, ವೈಸರ್ ಎತ್ತದೆಯೇ ಕುಡಿಯಬಹುದು. ಬಾತ್‌ರೂಮಿಗೆ ಹೋಗಲು ಇಷ್ಟೆಲ್ಲ ಬಿಚ್ಚಬೇಕಲ್ಲ ಎಂದು ನೀರು ಕುಡಿಯದೇ ಇರುವವರೇ ಮಧ್ಯಾಹ್ನದ ಹೊತ್ತಿಗೆ ಕುಸಿಯುವುದು. ಒಳಗೆ ಹತ್ತಿ ಬನಿಯನ್ ಬೇಡ, ಅದು ಬೆವರು ಹಿಡಿದುಕೊಂಡು ಒದ್ದೆ ಕಂಬಳಿಯಾಗುತ್ತದೆ. ಆಟದವರು ಹಾಕುವ ಪಾಲಿಯೆಸ್ಟರ್ ಟೀ ಶರ್ಟ್ ಮೂರು ಇವೆ, ದಿನಕ್ಕೊಂದು.

ತಲೆನೋವು, ವಾಕರಿಕೆ, ಬಿಸಿಯಲ್ಲೂ ಮೈ ಜುಮ್ಮೆನ್ನುವುದು, ಕಣ್ಣು ಕತ್ತಲೆ. ಇವುಗಳಲ್ಲಿ ಒಂದು ಕಂಡರೂ ಫೋಟೊ ಅರ್ಧಕ್ಕೇ ನಿಲ್ಲಲಿ, ಬಿಚ್ಚು. ಮಾತು ತೊದಲಿದರೆ, ಎಲ್ಲಿದ್ದೇನೆ ಎಂದು ತಿಳಿಯದಿದ್ದರೆ ಅದು ಬೇರೆಯೇ ಹಂತ. ಆಗ ನೀನಾಗಿ ಏನೂ ಮಾಡಲಾರೆ, ಪಕ್ಕದಲ್ಲಿರುವವಳು ಮಾಡಬೇಕು. ಮೆಡಿಕಲ್ ಡೆಸ್ಕಿಗೆ ಹೇಳಿ ಕಳಿಸಿ, ಎಲ್ಲ ಕಳಚಿ, ಮೈಗೆ ನೀರು ಹಾಕಿ ಗಾಳಿ ಬೀಸಬೇಕು. ಕುತ್ತಿಗೆ, ಕಂಕುಳಿಗೆ ಐಸ್ ಇಡಬೇಕು. ಇದಕ್ಕೇ ಕೇಳುತ್ತಿರುವುದು, ರೂಮಿನಲ್ಲಿ ಒಂದು ಸಲ ಅಭ್ಯಾಸ ಮಾಡಿಸು. ನೀನು ಕೈ ಕೆಳಗಿಟ್ಟು ಸುಮ್ಮನೆ ನಿಲ್ಲು, ನಿನ್ನ ಗೆಳತಿ ಹೆಲ್ಮೆಟ್ ಮತ್ತು ಎದೆಯ ಭಾಗ ತೆಗೆಯಲಿ. ಫೋನಿನಲ್ಲಿ ಸಮಯ ಹಿಡಿ. ಒಂದು ನಿಮಿಷ ಮೀರಿದರೆ ಎಡಬದಿಯ ಬಕಲ್ ಎಲ್ಲಿದೆ ಎಂಬುದು ಅವಳಿಗೆ ಇನ್ನೂ ಗೊತ್ತಾಗಿಲ್ಲ ಎಂದರ್ಥ. ಇನ್ನೊಂದು ಸಲ ಮಾಡಿಸು.

ಸಾಕು, ಬೇರೆ ವಿಷಯ.

ರಿಪೇರಿ ಚೀಲ ಡಬ್ಬಿಯ ತಳದಲ್ಲಿದೆ. ಕಾಂಟ್ಯಾಕ್ಟ್ ಸಿಮೆಂಟ್ ಎಂಬ ಅಂಟು ಹಾಕಿಲ್ಲ. ಎರಡೂ ಕಡೆ ಹಚ್ಚಿ, ಕೈಗೆ ಅಂಟದಷ್ಟು ಒಣಗಲು ಹತ್ತು ನಿಮಿಷ ಕಾದು, ಒಂದೇ ಏಟಿಗೆ ಸರಿಯಾಗಿ ಕೂರಿಸುವ ಕೆಲಸವನ್ನು ಗುಂಪಿನ ನಡುವೆ ಮಾಡಲಾಗದು. ಮೇಲಾಗಿ ಆ ವಾಸನೆ ಮುಚ್ಚಿದ ರೂಮಿಗೆ ಒಳ್ಳೆಯದಲ್ಲ. ಬದಲಿಗೆ ಸೂಪರ್ ಗ್ಲೂ ಇದೆ. ಅದು ಒಣಗಿದ ಮೇಲೆ ಗಾಜಿನ ಹಾಗೆ ಗಟ್ಟಿಯಾಗುತ್ತದೆ, ಮಡಿಚುವ ಕಡೆ ಬಿರುಕು ಬಿಡುತ್ತದೆ, ಆದರೂ ಒಂದು ದಿನಕ್ಕೆ ಸಾಕು. ವೆಲ್ಕ್ರೋ ಬಿಟ್ಟುಕೊಂಡರೆ ಮಾತ್ರ ಅಂಟಿಸಲು ಹೋಗಬೇಡ, ಹೊಲಿ. ಬೆವರು ತಾಗಿದ ಅಂಟು ನಿಲ್ಲುವುದಿಲ್ಲ. ಕಪ್ಪು ಬಟ್ಟೆ ಟೇಪು, ಜಿಪ್ ಟೈ, ಪಿನ್ನು, ಒಂದು ಮೀಟರ್ ಎಲಾಸ್ಟಿಕ್, ಸೂಜಿ ದಾರ ಇವೆ. ಡಬ್ಬಿಯನ್ನು ಬಿಸಿಲಿಗೆ ನಿಂತ ಕಾರಿನಲ್ಲಿ ಬಿಟ್ಟರೆ ಗ್ಲೂ ಗನ್ನಿನಿಂದ ಅಂಟಿಸಿದ ಅಲಂಕಾರಗಳೆಲ್ಲ ಸಂಜೆಗೆ ತಳದಲ್ಲಿ ಬಿದ್ದಿರುತ್ತವೆ.

ಕತ್ತಿ ಫೋಮಿನದ್ದೇ ಆದರೂ ಒಳಗೆ ಪಿವಿಸಿ ಪೈಪ್ ಇದೆ ಎಂದು ತಪಾಸಣೆಯಲ್ಲಿ ನೀನೇ ಮೊದಲು ಹೇಳು, ಅವರು ಒತ್ತಿ ನೋಡಿ ಕಂಡುಹಿಡಿಯುವವರೆಗೆ ಕಾಯಬೇಡ. ಕತ್ತಿಗೆ ಬಣ್ಣದ ಟ್ಯಾಗ್ ಕಟ್ಟುತ್ತಾರೆ, ಒರೆಯೊಳಗಿರುವುದಕ್ಕೆ ಜಿಪ್ ಟೈ ಬಿಗಿಯುತ್ತಾರೆ, ಬಿಚ್ಚುವಂತಿಲ್ಲ. 2017ರಲ್ಲಿ ಅಮೆರಿಕದ ಫೀನಿಕ್ಸ್‌ನಲ್ಲಿ ಇಂಥದ್ದೇ ಒಂದು ಕಾನ್‌ಗೆ ಒಬ್ಬ ನಿಜವಾದ ಬಂದೂಕುಗಳೊಂದಿಗೆ ನುಗ್ಗಿ ಸಿಕ್ಕಿಬಿದ್ದ. ಮಿಕ್ಕವರ ಆಟಿಕೆ ಕತ್ತಿಗಳನ್ನೂ ಹೊರಗೇ ಇಡಿಸಿದರು. ತಪಾಸಣೆಯವರ ಮೇಲೆ ಸಿಡುಕುವ ಮುಂಚೆ ಅದು ನೆನಪಿರಲಿ.

ಮೈಗೆಲ್ಲ ನೀಲಿ ಬಳಿದುಕೊಳ್ಳುವ ನಿನ್ನ ಇನ್ನೊಬ್ಬ ಗೆಳತಿಗೆ ಹೇಳು, ಬಣ್ಣದ ಮೇಲೆ ಸೆಟ್ಟಿಂಗ್ ಪೌಡರ್ ಹಾಕದೆ ರೂಮಿನಿಂದ ಕಾಲು ಹೊರಗಿಡುವಂತಿಲ್ಲ. 1972ರ ವಿಶ್ವ ವಿಜ್ಞಾನ ಕಥಾ ಸಮ್ಮೇಳನದಲ್ಲಿ ಒಬ್ಬ ಮಹಾಶಯ ಮೈತುಂಬ ಕಡಲೆಕಾಯಿ ಬೆಣ್ಣೆ ಬಳಿದುಕೊಂಡು ವೇಷ ಸ್ಪರ್ಧೆಗೆ ಬಂದನಂತೆ. ಅದು ಕಂಡಕಂಡವರ ಬಟ್ಟೆಗೆಲ್ಲ ಮೆತ್ತಿಕೊಂಡು, ಅಲ್ಲಿಂದಾಚೆಗೆ ಕಡಲೆಕಾಯಿ ಬೆಣ್ಣೆಯ ವೇಷ ಬೇಡ ಎಂಬುದು ಒಂದು ನಿಯಮವೇ ಆಗಿಹೋಯಿತು.

ಫೋಟೊ ಕೇಳುವವರು ಬರುತ್ತಾರೆ, ಬರಲಿ, ಅದಕ್ಕೇ ಅಲ್ಲವೇ ಮಾಡಿದ್ದು. ದಾರಿಗಡ್ಡ ನಿಲ್ಲದೆ ಗೋಡೆಯ ಪಕ್ಕಕ್ಕೆ ಸರಿ. ಆದರೆ ಭುಜದ ಮೇಲೆ ಕೈ ಹಾಕಲೇ ಎಂದು ಕೇಳದವನಿಗೆ ನಗುತ್ತಾ ಸುಮ್ಮನಿರಬೇಕಾಗಿಲ್ಲ. 2014ರಲ್ಲಿ ನ್ಯೂಯಾರ್ಕ್ ಕಾಮಿಕ್ ಕಾನ್‌ನವರು ವೇಷ ಎಂದರೆ ಒಪ್ಪಿಗೆ ಅಲ್ಲ ಎಂದು ಆಳೆತ್ತರದ ಫಲಕಗಳನ್ನೇ ನಿಲ್ಲಿಸಿದರು. ಫಲಕ ಇಲ್ಲದ ಕಡೆಯೂ ಆ ಮಾತು ನಿಜ. ಬೇಡ ಎನ್ನು, ಗಟ್ಟಿಯಾಗಿ ಎನ್ನು. ಹೆಲ್ಮೆಟ್ ಒಳಗಿನಿಂದ ಅರ್ಧ ದನಿಯೂ ಹೊರಗೆ ಬರುವುದಿಲ್ಲ. ವೈಸರ್‌ನಿಂದ ಪಕ್ಕಗಳು ಕಾಣುವುದಿಲ್ಲ, ಮೆಟ್ಟಿಲಂತೂ ಕಾಣುವುದೇ ಇಲ್ಲ, ಇಳಿಯುವಾಗ ಗೆಳತಿಯ ತೋಳು ಹಿಡಿದುಕೋ. ನೋಡು, ಉಪದೇಶ ಮಾಡುವುದಿಲ್ಲ ಎಂದು ಅಮ್ಮನ ಹತ್ತಿರ ಮಾತು ಕೊಟ್ಟು ಬರೆಯಲು ಕೂತವನು ನಾನು. ಅದೂ ಆಯಿತು ಎಂದಮೇಲೆ ಇದನ್ನೂ ಕೇಳು. ಹಳೇ ಕಾನ್ ಮಂದಿ 5-2-1 ಎನ್ನುತ್ತಾರೆ. ದಿನಕ್ಕೆ ಕನಿಷ್ಠ ಐದು ಗಂಟೆ ನಿದ್ದೆ, ಎರಡು ಸರಿಯಾದ ಊಟ, ಒಂದು ಸ್ನಾನ. ತಮಾಷೆಯ ಹಾಗೆ ಕೇಳುತ್ತದೆ, ಮೂರನೇ ದಿನ ಹಾಲ್‌ಗೆ ಕಾಲಿಟ್ಟರೆ ಮೂರನೇ ಅಂಕಿ ಯಾಕಿದೆ ಎಂದು ಮೂಗಿಗೇ ಗೊತ್ತಾಗುತ್ತದೆ.

ಸ್ಪರ್ಧೆಗೆ ಹೆಸರು ಕೊಟ್ಟಿದ್ದೀಯಂತೆ, ಅಮ್ಮ ಹೇಳಿದಳು. ನನಗೆ ನೀನೇ ಹೇಳಬಹುದಿತ್ತು. ಇರಲಿ. ವೇದಿಕೆಗೆ ಮುಂಚೆ ಕೆಲಸಗಾರಿಕೆ ನೋಡುವ ಜಡ್ಜ್‌ಗಳು ಆರ್ಮರ್ ತಿರುಗಿಸಿ ಒಳಮೈ ನೋಡುತ್ತಾರೆ. ನಿನ್ನ ಒಳಮೈ ನೋಡಲಿ. ಭುಜದ ಜೋಡಣೆಯಲ್ಲಿ ಉಗುರು ಆಡಿಸಿದರೂ ಸಂದು ಸಿಗುವುದಿಲ್ಲ. ಹೀಗೆ ಬರಬೇಕಾದರೆ ಐದಾರು ಇಂಚು ಕತ್ತರಿಸುವಷ್ಟರಲ್ಲಿ ಬ್ಲೇಡ್ ಮಸೆದಿರಬೇಕು, ಅದನ್ನು ನಿನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮಾಡುವಾಗ ತೆಗೆದ ಫೋಟೊಗಳನ್ನು ಪ್ರಿಂಟ್ ಹಾಕಿಸಿ ಹಳದಿ ಲಕೋಟೆಯಲ್ಲಿಟ್ಟಿದ್ದೇನೆ, ಪೇಪರ್ ಪ್ಯಾಟರ್ನ್‌ನಿಂದ ಕೊನೆಯ ವಾರ್ನಿಶ್‌ವರೆಗೆ. ತೋರಿಸಲು ನಾಚಬೇಡ. 1939ರ ಜುಲೈನಲ್ಲಿ ನ್ಯೂಯಾರ್ಕ್‌ನಲ್ಲಿ ಮೊದಲ ವಿಶ್ವ ವಿಜ್ಞಾನ ಕಥಾ ಸಮ್ಮೇಳನ ನಡೆದಾಗ ಫಾರೆಸ್ಟ್ ಆಕರ್ಮನ್ ಮತ್ತು ಮರ್ಟಲ್ ಡಗ್ಲಸ್ ಎಂಬ ಇಬ್ಬರು ಅಭಿಮಾನಿಗಳು ಭವಿಷ್ಯದ ಕಾಲದ ಉಡುಪು ತೊಟ್ಟು ಬಂದರು. ಇವತ್ತಿಗೂ ಹೆಚ್ಚಿನವರ ಬಾಯಲ್ಲಿ ಬರುವುದು ಆಕರ್ಮನ್ ಹೆಸರು. ಎರಡೂ ಉಡುಪನ್ನು ಮಾಡಿದ್ದು ಡಗ್ಲಸ್, ಆಕೆ. ಯಾರು ಮಾಡಿದ್ದು ಎಂದು ಕೇಳಿದರೆ ನಾನೇ ಎನ್ನು. ಅಪ್ಪ ಸಹಾಯ ಮಾಡಿದರು ಎಂದು ಸೇರಿಸಬೇಡ. ಹೀಟ್ ಗನ್ ಹಿಡಿಯುವುದು ಹೇಗೆಂದು ತೋರಿಸಿದ್ದನ್ನು ಬಿಟ್ಟರೆ ನನ್ನದೇನೂ ಅದರಲ್ಲಿಲ್ಲ.

ತೂತುಗಳನ್ನು ಬಿಟ್ಟು. ಜಡ್ಜ್‌ಗಳು ಅದನ್ನು ಕೇಳಿದರೆ ಹೊರಗಿನವರ ಕೈ ಬಿದ್ದಿದೆ ಎಂದು ಇದ್ದದ್ದು ಇದ್ದ ಹಾಗೆ ಹೇಳಿಬಿಡು. ಅಂಕ ಕಳೆದರೆ ಕಳೆಯಲಿ, ಆ ಸಿಟ್ಟನ್ನು ನನ್ನ ಮೇಲೆ ಇಟ್ಟುಕೋ, ಫ್ಯಾನ್ ಮೇಲೆ ತೋರಿಸಬೇಡ. ವೇದಿಕೆಯ ಹಿಂದೆ ಕಾಯಿಸುತ್ತಾರೆ, ಕೆಲವೊಮ್ಮೆ ಗಂಟೆಗಟ್ಟಲೆ, ದೀಪಗಳ ಕಾವು ಬೇರೆ. ಅಲ್ಲಿ ಎಲ್ಲರೂ ಪೂರ್ತಿ ವೇಷದಲ್ಲಿ ನಿಂತಿರುತ್ತಾರೆ, ತೆಗೆದರೆ ಚೆನ್ನಾಗಿರದು ಅನಿಸುತ್ತದೆ. ತೆಗೆ. ನಿನ್ನ ಹೆಸರು ಕೂಗಲು ಇನ್ನೂ ಮೂವರಿದ್ದಾರೆ ಎನ್ನುವಾಗ ಹಾಕಿಕೊಂಡರೆ ಸಾಕು.

ಸ್ವಿಚ್ ಎಡಗಿವಿಯ ಹಿಂದೆ, ಗ್ಲೌಸ್ ಹಾಕಿಕೊಂಡೇ ಒತ್ತಬಹುದು. ಹಿಂದಿನ ತೂತಿನ ಸುತ್ತ ಬಣ್ಣ ಒಂದು ಛಾಯೆ ಗಾಢವಾಗಿದೆ. ನಿನ್ನ ಹಾಗೆ ಬೆರೆಸಲು ನನಗೆ ಬರಲಿಲ್ಲ. ನೀನು ಬೆರೆಸಿಟ್ಟಿದ್ದ ಬೂದುಬಣ್ಣದ ಡಬ್ಬಿ, ಎರಡನೇ ನಂಬರಿನ ಬ್ರಶ್ಶು ಲಕೋಟೆಯ ಪಕ್ಕದಲ್ಲಿವೆ. ಒಣಗಲು ಅರ್ಧ ಗಂಟೆ ಬೇಕು.

ಅಪ್ಪ