ಪೆಂಟಾಹೊದಲ್ಲಿ ಡ್ರೈವರ್ ಇಲ್ಲ ಅಂತ ಬಂದರೆ

ಎಲ್ಲರಿಗೂ ನಮಸ್ಕಾರ. ವಾಚನಾಲಯದ ಪುಸ್ತಕ ಪಟ್ಟಿ ಸೇರಿಸುವವರು ಇದನ್ನು ಓದಿ. ಬದಿಯಡ್ಕದಿಂದಲೂ ಮಂಜೇಶ್ವರದಿಂದಲೂ ನಿನ್ನೆ ಒಂದೇ ದೂರು: ಡೇಟಾ ಸಾಗಿಸುವ ತಂತ್ರಾಂಶ ಪೆಂಟಾಹೊದ ಸ್ಪೂನ್ ಎಂಬ ಪ್ರೋಗ್ರಾಮಿನಲ್ಲಿ ಮೈಎಸ್‌ಕ್ಯುಎಲ್ ಡೇಟಾಬೇಸಿಗೆ ಕನೆಕ್ಟ್ ಮಾಡಿದರೆ ಡ್ರೈವರ್ (ಎರಡನ್ನೂ ಜೋಡಿಸುವ ಫೈಲ್) ಕ್ಲಾಸ್ ಸಿಗಲಿಲ್ಲ ಅಂತ ಬರುತ್ತದೆ. ಪಾಸ್‌ವರ್ಡ್ ತಪ್ಪಲ್ಲ ಮಾರಾಯ್ರೆ, ಸುಮ್ನೆ ಅದನ್ನು ಬದಲಿಸಬೇಡಿ. ಲೈಸೆನ್ಸ್ ಕಾರಣಕ್ಕೆ ಪೆಂಟಾಹೊ ಆ ಡ್ರೈವರನ್ನು ಜೊತೆಗೆ ಕೊಡುವುದಿಲ್ಲ, ನಾವೇ ಹಾಕಬೇಕು.

ಮೈಎಸ್‌ಕ್ಯುಎಲ್ ಸೈಟಿನಲ್ಲಿ ಕನೆಕ್ಟರ್ ಜೆ (Connector/J) ಉಂಟು, ಅದೇ ಆ ಡ್ರೈವರ್. ವಿಂಡೋಸ್ ಆದರೂ 'ಪ್ಲಾಟ್‌ಫಾರ್ಮ್ ಇಂಡಿಪೆಂಡೆಂಟ್' ಆರಿಸಿ, ಜಿಪ್ ಬಿಚ್ಚಿ, ಒಳಗಿರುವ ಜಾರ್ (.jar) ಫೈಲನ್ನು ಮಾತ್ರ ಪೆಂಟಾಹೊದ ಡೇಟಾ ಇಂಟಿಗ್ರೇಷನ್ (data-integration) ಫೋಲ್ಡರಿನ ಲಿಬ್ (lib) ಒಳಗೆ ಹಾಕಿ, ಸ್ಪೂನ್ ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ತೆರೆದೇ ಇಟ್ಟರೆ ಹೊಸ ಜಾರ್ ಅದಕ್ಕೆ ಕಾಣುವುದಿಲ್ಲ. ಹಳೆಯ ಜಾರ್ ಇದ್ದರೆ ತೆಗೆಯಿರಿ, ಎರಡು ಆವೃತ್ತಿ ಒಟ್ಟಿಗೆ ಬೇಡ.

ಇಷ್ಟಾದ ಮೇಲೂ ದೋಷ ಬಂದರೆ ಅದರಲ್ಲಿರುವ ಕ್ಲಾಸ್ ಹೆಸರು ನೋಡಿ. 'ಜಿಜೆಟಿ' (gjt) ಅಂತ ಇದ್ದರೆ ಅದು ಹಳೆಯ ಹೆಸರು, ಕನೆಕ್ಟರ್ ಜೆ ಆವೃತ್ತಿ 5.1ರ ಜಾರ್‌ನಲ್ಲಿ ಇದೆ, ಆವೃತ್ತಿ 8ರಲ್ಲಿ ತೆಗೆದಿದ್ದಾರೆ. 8 ಹಾಕಿದವರು ಕನೆಕ್ಷನ್ ಬಗೆಯಲ್ಲಿ ಜೆನೆರಿಕ್ ಡೇಟಾಬೇಸ್ ಆರಿಸಿ 'ಸಿಜೆ' (cj) ಇರುವ ಹೊಸ ಕ್ಲಾಸ್ ಹೆಸರು com.mysql.cj.jdbc.Driver ಕೊಡಿ.

ಇನ್ನೊಂದು, ಇದು ನನಗೆ ಜಾಸ್ತಿ ಮುಖ್ಯ. ನಮ್ಮ ಪಟ್ಟಿಯಲ್ಲಿ ಕನ್ನಡ, ಮಲಯಾಳ ಎರಡೂ ಇವೆ ಅಲ್ವಾ? ಟೇಬಲಿನ ಅಕ್ಷರ ಸಂಕೇತ ಯುಟಿಎಫ್8ಎಂಬಿ4 (utf8mb4) ಆಗಿರಲಿ, ಕನೆಕ್ಷನ್ ಆಪ್ಷನ್‌ನಲ್ಲಿ ಕ್ಯಾರೆಕ್ಟರ್ ಎನ್‌ಕೋಡಿಂಗ್ ಯುಟಿಎಫ್-8 ಇರಲಿ. ಇಲ್ಲದಿದ್ದರೆ ಪುಸ್ತಕದ ಹೆಸರೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗಿ ಉಳಿಯುತ್ತವೆ, ಆಮೇಲೆ ವಾಪಸ್ ತರಲು ಆಗುವುದಿಲ್ಲ. ಮೊದಲು ಹತ್ತು ಸಾಲು ಹಾಕಿ ನೋಡಿ. ಆಗದಿದ್ದರೆ ದೋಷದ ಪೂರ್ತಿ ಸ್ಕ್ರೀನ್‌ಶಾಟ್ ಇಲ್ಲೇ ಹಾಕಿ.