ರಿಚೀ ಇವಾನ್ಸ್ ಬಗ್ಗೆ ಪೋಸ್ಟ್ ಹಾಕುವವರಿಗೆ

ಗೆಳೆಯರೇ, ನ್ಯೂಯಾರ್ಕ್ ರಾಜ್ಯದ ರೋಮ್ ಊರಿನ ಕಾರ್ ರೇಸ್ ಚಾಲಕ ಇವಾನ್ಸ್ ಗೆದ್ದದ್ದು ನಾಸ್ಕಾರ್ (ಅಮೆರಿಕದ ಕಾರ್ ರೇಸ್ ಸಂಸ್ಥೆ) ಮಾಡಿಫೈಡ್ ಪ್ರಶಸ್ತಿ, ಅಂದರೆ ಮಾರ್ಪಡಿಸಿದ ಕಾರುಗಳ ವಿಭಾಗದ್ದು; ಅದೇ ಸಂಸ್ಥೆಯ ಅತಿ ದೊಡ್ಡ ಸರಣಿಯಾದ ಕಪ್ ಅಲ್ಲ. ದಯವಿಟ್ಟು ಬೆರೆಸಬೇಡಿ. ಒಟ್ಟು 9: 1973ರಲ್ಲಿ ಒಂದು, 1978ರಿಂದ 1985ರವರೆಗೆ ಸತತ ಎಂಟು. ಕೊನೆಯದು ಖಚಿತವಾದ ಮೇಲೆ, 1985ರ ಅಕ್ಟೋಬರ್ 24ರಂದು ವರ್ಜೀನಿಯಾದ ಮಾರ್ಟಿನ್ಸ್‌ವಿಲ್ ರೇಸ್ ಟ್ರ್ಯಾಕಿನಲ್ಲಿ ಅಭ್ಯಾಸದ ವೇಳೆ ತೀರಿಕೊಂಡರು. ಕಿತ್ತಳೆ ಬಣ್ಣದ 61ನೇ ನಂಬರಿನ ಕಾರೇ ಅವರ ಗುರುತು.

ಅಂಡಾಕಾರದ ಟ್ರ್ಯಾಕಿನ ಈ ರೇಸ್ ನೋಡಿ "ಬರೀ ಎಡಕ್ಕೆ ತಿರುಗಿಸೋದು ತಾನೇ?" ಅನ್ನುವವರಿಗೆ ಸ್ಟ್ಯಾಗರ್ (ಹಿಂದಿನ ಎರಡು ಟೈರುಗಳ ಸುತ್ತಳತೆಯ ವ್ಯತ್ಯಾಸ) ವಿವರಿಸಿ. ಕಾರು ಎಡಕ್ಕೆ ಸಲೀಸಾಗಿ ತಿರುಗಲು ಹಿಂದಿನ ಬಲ ಟೈರಿನ ಸುತ್ತಳತೆ ಎಡದ್ದಕ್ಕಿಂತ ಹೆಚ್ಚಿರಬೇಕು. ಗಾಳಿ ಸರಿಮಾಡಿ, ಟೈರಿನ ನಟ್ಟನಡುವೆ ಟೇಪು ಸುತ್ತಿ ಅಳೆಯುತ್ತಾರೆ: ಉದಾಹರಣೆಗೆ 84 ಮತ್ತು 82.5 ಇಂಚು ಬಂದರೆ ಸ್ಟ್ಯಾಗರ್ 1.5. ಜಾಸ್ತಿಯಾದರೆ ತಿರುವಿನಲ್ಲಿ ಹಿಂಭಾಗ ಜಾರುತ್ತದೆ. ಕಡಿಮೆಯಾದರೆ ಮೂತಿ ತಿರುಗದೆ ಗೋಡೆಯತ್ತ ಹೋಗುತ್ತದೆ. ಟೈರು ಬಿಸಿಯಾದ ಮೇಲೂ ಅಳೆಯಲೇಬೇಕು. ಒತ್ತಡ ಏರಿ ಟೈರು ಹಿಗ್ಗಿದರೆ ತಣ್ಣಗಿದ್ದಾಗಿನ ಲೆಕ್ಕ ಕೈಕೊಡುತ್ತದೆ.