ಅವ್ವನನ್ನು ಮಡಿಕೇರಿಗೆ ಕರೆತರುವ ಮುಂಚೆ

ಉಟ್ರೆಕ್ಟ್, ನೆದರ್ಲ್ಯಾಂಡ್ಸ್
ಆಗಸ್ಟ್ 19

ಪ್ರೀತಿಯ ಅಣ್ಣ, ಅತ್ತಿಗೆ,

ನಮಸ್ಕಾರ. ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಕಾಗದ ಓದಿದ ಮೇಲೆ ಬೇರೇನೂ ಬರೆಯಲು ಮನಸ್ಸಿಲ್ಲ.

ಅವ್ವ ಬೆಳಗಿನ ಜಾವ 3ಕ್ಕೇ ಎದ್ದು ಒಲೆ ಮುಂದೆ ಕೂರುತ್ತಾಳೆ, ಅನ್ನ ಹಾಗೇ ಬಿಡುತ್ತಾಳೆ, ಕಾಲುನೋವು ಅಂತ ಒಂದೇ ಮಾತು ಎಂದು ಬರೆದಿದ್ದೀಯ. ಕಕ್ಕಡ ತಿಂಗಳ 18ಕ್ಕೆ, ವರ್ಷಕ್ಕೊಮ್ಮೆ ಬೇಯಿಸುವ ಮದ್ದುಸೊಪ್ಪನ್ನೂ ತರಿಸಲಿಲ್ಲ ಅನ್ನುವ ಸಾಲನ್ನು ನಾಲ್ಕು ಸಲ ಓದಿದೆ. ಸೊಪ್ಪು ಬೇಯಿಸಿದ ನೀರು ನೇರಳೆ ಬಣ್ಣಕ್ಕೆ ತಿರುಗಿದಾಗ ನಮ್ಮನ್ನೆಲ್ಲ ಕೂಗಿ ಕರೆದು ತೋರಿಸುತ್ತಿದ್ದವಳು ಅವಳು! 'ವಯಸ್ಸಾಯ್ತಲ್ಲ, ಹಾಗೇ' ಅನ್ನಬೇಡ ಅಣ್ಣ. ವಯಸ್ಸಾದವರಿಗೆ ಖಿನ್ನತೆ ಬಂದರೆ ಅಳುವುದೇ ಇಲ್ಲದಿರಬಹುದು. ನಿದ್ದೆ ಕೆಡುತ್ತದೆ, ಊಟ ಸೇರುವುದಿಲ್ಲ, ಮೈಕೈ ನೋವು, ಮರೆವು. ನಾವು ಮೊಣಕಾಲಿಗೆ ಎಣ್ಣೆ ಹಚ್ಚುತ್ತಾ ಕೂರುತ್ತೇವೆ.

ಮಡಿಕೇರಿಗೆ ಕರೆತಂದರೆ ಸರಿಹೋಗುತ್ತದೆ ಅನ್ನುತ್ತೀಯ. ತೋಟದ ಮನೆಯಲ್ಲಿ ಒಬ್ಬಳೇ ಇದ್ದಾಳೆ ಅನ್ನುವ ಹೆದರಿಕೆ ನನಗೂ ಇದೆ. ಒಬ್ಬರೇ ಇರುವ ಹಿರಿಯರಲ್ಲಿ, ಅದರಲ್ಲೂ ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡವರಲ್ಲಿ ಖಿನ್ನತೆ ಜಾಸ್ತಿ ಅನ್ನುವುದು ನಿಜ. ಆದರೆ ಹೋದ ಮಳೆಗಾಲ ನಿಮ್ಮ ಮನೆಯಲ್ಲಿ ನಾನೇ ನೋಡಿದೆ. 8 ಗಂಟೆಗೆ ನೀವೆಲ್ಲ ಹೊರಟ ಮೇಲೆ ಅವ್ವ ಒಂದೇ ಹೊದಿಕೆಯನ್ನು ಮಡಚುವಳು, ಬಿಚ್ಚುವಳು, ಮತ್ತೆ ಮಡಚುವಳು. ಅತ್ತಿಗೆ, ಇದು ದೂರಲ್ಲ. ಕೆಲಸ ಬಿಟ್ಟು ಕೂರೋಕಾಗುತ್ತಾ? ವಾಪಸ್ ತೋಟಕ್ಕೆ ಹೋದ ಮೇಲೆ ಅವಳು ತಾನೇ ಗೆಲುವಾದಳು. ಕುಯ್ಲಿನಲ್ಲಿ ಕಣದಲ್ಲಿ ನಿಂತು ಲೆಕ್ಕ ಬರೆದಳು.

ಅವಳು ಕುಗ್ಗಿದ್ದು ಗೆಳತಿ ಕಮಲಕ್ಕ ತನ್ನ ಮಗಳ ಮನೆಗೆ ಕುಶಾಲನಗರಕ್ಕೆ ಹೋದ ಮೇಲೆ, ಅಲ್ವಾ? ದಿನಾ ಸಂಜೆ 4ಕ್ಕೆ ಬಂದು, ಬೆಲ್ಲದ ಕರಿ ಕಾಫಿ ಕುಡಿದು, ಇಬ್ಬರೂ ಅಪ್ಪನ ವಿಷಯ ಮಾತಾಡುತ್ತಿದ್ದರು. ನಮ್ಮ ಹತ್ತಿರ ಅವ್ವ ಅಪ್ಪನ ಹೆಸರು ಎತ್ತುವುದೇ ಇಲ್ಲ. ಯಾವ ಮನೆಯಲ್ಲಿಟ್ಟರೂ ಅವಳಿಗೆ ಆ 4 ಗಂಟೆ ಬೇಕು ಅಣ್ಣ.

ಇಲ್ಲಿಯವರು ಮುದುಕರನ್ನು ಬಿಟ್ಟುಬಿಡುತ್ತಾರೆ ಅಂತ ದೊಡ್ಡಪ್ಪ ಹೇಳುತ್ತಾರಲ್ಲ, ಪೂರ್ತಿ ಹಾಗಲ್ಲ ಅಂತ ಹೇಳು. ದೆವೆಂತರ್ ಅನ್ನುವ ಊರಿನ ವೃದ್ಧಾಶ್ರಮದಲ್ಲಿ ಕಾಲೇಜು ಹುಡುಗರಿಗೆ ಬಾಡಿಗೆ ಇಲ್ಲದೆ ಕೋಣೆ ಕೊಡುತ್ತಾರೆ. ಬದಲಿಗೆ ತಿಂಗಳಿಗೆ 30 ಗಂಟೆ ಹಿರಿಯರ ಜೊತೆ ಒಳ್ಳೆ ನೆರೆಯವರ ಹಾಗೆ ಇರಬೇಕು. ಯುಂಬೋ ಅನ್ನುವ ದಿನಸಿ ಅಂಗಡಿಯವರು 2019ರಲ್ಲಿ ಮಾತಿನ ಕೌಂಟರ್ ಶುರು ಮಾಡಿದರು. ಅವಸರವಿಲ್ಲದವರು ಆ ಸಾಲಿಗೆ ಹೋಗಿ, ಬಿಲ್ಲು ಹಾಕುವವಳ ಜೊತೆ ಆರಾಮಾಗಿ ಮಾತಾಡಬಹುದು. ಮೊದಲು ವಿಚಿತ್ರ ಅನ್ನಿಸಿತು. ಈಗ ಒಳ್ಳೆಯದೇ ಅನ್ನಿಸುತ್ತದೆ.

ಈ ವಾರವೇ ಡಾಕ್ಟರಿಗೆ ತೋರಿಸು. ಥೈರಾಯ್ಡ್, ಬಿ12 ಎರಡೂ ನೋಡಿಸು. ಅವು ಕಡಿಮೆಯಾದರೂ ಹೀಗೇ ಆಗುತ್ತದೆ. ಬಿಪಿ ಮಾತ್ರೆಯ ಚೀಟಿಯೂ ಒಯ್ಯಿ. ಖಿನ್ನತೆ ಗುರುತಿಸಲು ಹಿರಿಯರಿಗೆಂದೇ 15 ಪ್ರಶ್ನೆಗಳ ಪಟ್ಟಿ ಇದೆ, ಹೌದು ಅಥವಾ ಇಲ್ಲ ಅಂದರೆ ಸಾಕು. ಅದನ್ನು ಕೇಳಿ ನೋಡಲು ಹೇಳು. ಪ್ರಶ್ನೆ ಕೇಳುವಾಗ ನೀನು ಹೊರಗಿರು. ನಿನ್ನೆದುರು ಅವಳು 'ನನಗೇನಾಗಿದೆ' ಅಂತಾಳೆ. ಇನ್ನೊಂದು, 'ಬದುಕು ಸಾಕು ಅನ್ನಿಸುತ್ತಾ ಅವ್ವ' ಅಂತ ನೀನೇ ನೇರವಾಗಿ ಕೇಳು. ಕೇಳಿದ ಮಾತ್ರಕ್ಕೆ ಆ ಯೋಚನೆ ತಲೆಗೆ ಬರುವುದಿಲ್ಲ. ಹೌದು ಅಂದರೆ ಅವಳನ್ನು ಒಬ್ಬಳೇ ಬಿಡಬೇಡ, ಅವತ್ತೇ ಡಾಕ್ಟರ ಹತ್ತಿರ ಹೋಗು. ರಾತ್ರಿ ಏನಾದರೂ ಗಾಬರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಕಮಲಕ್ಕನನ್ನು ವಾರಕ್ಕೆ ಎರಡು ದಿನ ಕರೆಸೋಣ. ಬಸ್ಸಿನ ಖರ್ಚು ನನ್ನದು. ಮಡಿಕೇರಿಗೆ ಬರುವ ವಿಷಯ ಅವ್ವನನ್ನೇ ಕೇಳು. ಅವಳು ಹೇಳಿದ ಮೇಲೆ ನಿರ್ಧಾರ ಮಾಡೋಣ.

ಅವ್ವ ಸರಿಹೋಗುತ್ತಾಳೆ. ಖಂಡಿತ ಸರಿಹೋಗುತ್ತಾಳೆ. ಇದಕ್ಕೆ ಔಷಧಿ ಇದೆ, ಈ ವಯಸ್ಸಿನಲ್ಲೂ ಗುಣವಾಗುತ್ತದೆ. ನನ್ನ ಚಿಂತೆ ಮಾಡಬೇಡಿ. ಊಟ, ನಿದ್ದೆ ಎಲ್ಲ ಸರಿಯಿದೆ, ದುಡ್ಡಿಗೂ ತೊಂದರೆಯಿಲ್ಲ. ಪುತ್ತರಿ ಹಬ್ಬಕ್ಕೆ ಬಂದೇ ಬರುತ್ತೇನೆ, ಟಿಕೆಟ್ ನೋಡುತ್ತಿದ್ದೇನೆ.

5ಕ್ಕೆ ಟಪಾಲು ಪೆಟ್ಟಿಗೆ ತೆಗೆಯುತ್ತಾರೆ, ಓಡಬೇಕು. ಡಾಕ್ಟರು ಏನಂದರು ಅಂತ ತಕ್ಷಣ ತಿಳಿಸು.

ನಿನ್ನ ತಂಗಿ